ಕೊಂಬು ಹೊರಗೆ ಬರುವ ತನಕ

ಆ ಭಾನುವಾರ ಬೆಳಿಗ್ಗೆ ಅವಳು ಬಾಯಲ್ಲಿ ಬ್ರಷ್ಷು ಇಟ್ಟುಕೊಂಡು ಕನ್ನಡಿಯ ಮುಂದೆ ನಿಂತದ್ದು ಕಡಿಮೆಯೆಂದರೂ ಒಂದು ಯುಗ. ಪೇಸ್ಟಿನ ನೊರೆ ಗದ್ದದ ತನಕ ಇಳಿದು, ಅಲ್ಲಿಂದ ಮುಂದಕ್ಕೆ ಹೋಗಲೋ ಬೇಡವೋ ಎಂದು ಯೋಚಿಸುತ್ತಿತ್ತು. ಹದಿನಾಲ್ಕು ಪಾಯಿಂಟ್ ಮೂರು, ಹದಿನಾಲ್ಕು ಪಾಯಿಂಟ್ ಆರು. ಶುಕ್ರವಾರ ಸಂಜೆ ಈ ಎರಡು ಸಂಖ್ಯೆಗಳು ಪಾತ್ರೆಪಗಡ ಸಮೇತ ಅವಳ ತಲೆಯೊಳಗೆ ಬಂದು ಸಂಸಾರ ಹೂಡಿದ್ದವು. ನಲ್ಲಿ ತಿರುಗಿಸಿದರೆ ಅವೇ, ಕಣ್ಣು ಮುಚ್ಚಿದರೆ ಅವೇ. ಹೊರಗಿನಿಂದ ಭಾವ ಬಾಗಿಲು ಬಡಿದರು. “ಡಾಕ್ಟ್ರೇ, ಥೀಸಿಸ್ಸು ಅಲ್ಲೇ ಬರೀತಿದ್ದೀರೋ ಹೇಗೆ? ಹೊರಗೆ ಮನುಷ್ಯರು ಕಾಯ್ತಿದ್ದಾರೆ.” ಡಾಕ್ಟ್ರು ಎನ್ನುವುದು ಇನ್ನೂ ಬಾರದ ಪದವಿಗೆ ಭಾವ ಐದು ವರ್ಷದಿಂದ ಮುಂಚಿತವಾಗಿ ಕೊಡುತ್ತಿರುವ ಮರ್ಯಾದೆ. ಮೊದಲ ವರ್ಷ ಅದನ್ನು ಕೇಳಿದರೆ ಅವಳಿಗೆ ಎದೆ ಉಬ್ಬುತ್ತಿತ್ತು, ಮೂರನೆಯ ವರ್ಷ ಸಿಟ್ಟು ಬರುತ್ತಿತ್ತು. ಇವತ್ತು ನೊರೆ ಉಗುಳಿ, ನಲ್ಲಿಯನ್ನು ಇನ್ನಷ್ಟು ಜೋರಾಗಿ ತಿರುಗಿಸಿದಳು.

ಅವಳ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳಬಹುದು: ಬಸವನಹುಳುವಿನ ಕೊಂಬು ಮುಟ್ಟುವುದು. ಜಗತ್ತು ಹುಟ್ಟಿದಂದಿನಿಂದ ಇಷ್ಟು ಬಸವನಹುಳುಗಳ ಕೊಂಬನ್ನು ಇಷ್ಟು ನಯವಾಗಿ ಮುಟ್ಟಿದ ಹೆಣ್ಣು ಇನ್ನೊಬ್ಬಳಿಲ್ಲ. ಚಿತ್ರ ಬಿಡಿಸುವವರ ಅತಿ ಸಣ್ಣ ಕುಂಚ, ಅದರಲ್ಲೂ ಉದುರಿ ಉಳಿದ ಮೂರೇ ಮೂರು ಕೂದಲು. ತುದಿ ತಾಕಿದ್ದೇ ತಡ ಹುಳು ಕೊಂಬನ್ನು ಒಳಗೆಳೆದುಕೊಳ್ಳುತ್ತದೆ. ಆಮೇಲೆ ಕಾಯಬೇಕು. ಕೊಂಬು ಮತ್ತೆ ಹೊರಗೆ ಬರಲು ಎಷ್ಟು ಸೆಕೆಂಡು ಹಿಡಿಯಿತೆಂದು ಬರೆದುಕೊಳ್ಳಬೇಕು. ಅರ್ಧದಷ್ಟು ಹುಳುಗಳನ್ನು ದಿನಕ್ಕೆ ಹತ್ತು ಸಲದಂತೆ ಐದು ದಿನ ಮುಟ್ಟಿ, ಒಂದು ತಿಂಗಳು ಅವುಗಳ ಪಾಡಿಗೆ ಬಿಟ್ಟು, ತಿರುಗಿ ಮುಟ್ಟಿ ನೋಡುವುದು. ಉಳಿದರ್ಧವನ್ನು ಅವತ್ತೇ ಮೊದಲ ಸಲ ಮುಟ್ಟುವುದು. ಮುಟ್ಟಿಸಿಕೊಂಡು ಪಳಗಿದವು ಬೇಗ ಕೊಂಬು ತೆಗೆದರೆ, ತಿಂಗಳ ಹಿಂದಿನ ಸಂಗತಿ ಅವಕ್ಕೆ ನೆನಪಿದೆ ಎಂದರ್ಥ. ಅವಳ ಎಣಿಕೆಯಲ್ಲಿ ಪಳಗಿದವಕ್ಕೆ ಹನ್ನೊಂದು ಸೆಕೆಂಡು, ಹೊಸವಕ್ಕೆ ಹತ್ತೊಂಬತ್ತು. ಎಂಟು ಸೆಕೆಂಡಿನ ಅಂತರ! ಆ ಎಂಟು ಸೆಕೆಂಡಿನ ಮೇಲೆ ಅವಳು ಒಂದು ಅಧ್ಯಾಯ, ಒಂದು ಪ್ರಬಂಧ, ಊರಿನ ಲೈಬ್ರರಿಯಲ್ಲಿ ಒಂದು ಭಾಷಣ ಇಷ್ಟನ್ನೂ ಕಟ್ಟಿ ನಿಲ್ಲಿಸಿದ್ದಳು. ಅರಮನೆಗಳನ್ನೂ ಜನ ಇದಕ್ಕಿಂತ ದಪ್ಪ ತಳಪಾಯದ ಮೇಲೆ ಕಟ್ಟುತ್ತಾರೆ.

ಅಡುಗೆಮನೆಯಲ್ಲಿ ಅಕ್ಕ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು. ಭಾವ ಭಾನುವಾರವೂ ಬಿಡದ ಬಿಳಿ ಷೂ ಹಾಕಿಕೊಂಡು, ಕತ್ತಿಗೆ ಸ್ಟಾಪ್‌ವಾಚು ತೂಗುಹಾಕಿಕೊಂಡು ಕೂತಿದ್ದರು. ಶಾಲೆಯ ಡ್ರಿಲ್ ಮಾಸ್ತರು. ಇಪ್ಪತ್ತಾರು ವರ್ಷ ಓಟದ ಪಂದ್ಯಗಳಲ್ಲಿ ಗೆರೆಯ ಪಕ್ಕ ನಿಂತು ಗುಂಡಿ ಒತ್ತಿದ ಅವರ ಬಲಗೈ ಹೆಬ್ಬೆರಳು ಸೂರ್ಯನಿಗೂ ಸಮಯ ಹೇಳಿಕೊಡುವಂಥದ್ದು ಎಂಬುದು ಅವರದೇ ಹೇಳಿಕೆ. ಸ್ವಂತ ಮಗನನ್ನು ಒಂದು ಸೆಕೆಂಡಿನ ಹತ್ತನೇ ಒಂದು ಭಾಗಕ್ಕೆ ಎರಡನೇ ಸ್ಥಾನಕ್ಕೆ ತಳ್ಳಿ, ಒಂದು ವಾರ ಅಕ್ಕನ ಕೈಯಲ್ಲಿ ಉಪ್ಪಿಲ್ಲದ ಊಟ ಉಂಡದ್ದು ಮಾತ್ರ ಎಲ್ಲರೂ ಕಣ್ಣಾರೆ ಕಂಡದ್ದು. ಪ್ರಬಂಧ ಕಳಿಸುವ ಮುಂಚೆ, ಯಾವ ಹುಳು ಯಾವುದೆಂದು ಗೊತ್ತಿಲ್ಲದ ಇನ್ನೊಬ್ಬರು ವಿಡಿಯೋ ನೋಡಿ ಎಣಿಸಲಿ ಎಂದು ಗೈಡು ಹೇಳಿದಾಗ ಅವಳಿಗೆ ಭಾವನ ನೆನಪಾದದ್ದು ಹೀಗೆ. ಲ್ಯಾಬಿನಲ್ಲಿ ಯಾರನ್ನು ಕೇಳಿದರೂ ಅವರಿಗೆ ಹುಳುಗಳು ಗೊತ್ತು. ಅವುಗಳ ಚಿಪ್ಪಿನ ಮೇಲೆ ಉಗುರುಬಣ್ಣದ ಚುಕ್ಕೆಗಳಿದ್ದವು, ಪಳಗಿದವಕ್ಕೆ ಕೆಂಪು, ಹೊಸವಕ್ಕೆ ನೀಲಿ. ಅವಳೇ ಕೂತು, ಮದುಮಗಳ ಉಗುರಿಗೆ ಹಚ್ಚುವಷ್ಟು ಆಸ್ಥೆಯಿಂದ ಹಚ್ಚಿದ್ದು. ಭಾವನಿಗೆ ಕೊಡುವಾಗ ಪರದೆಯಲ್ಲಿ ಚಿಪ್ಪಿನ ಜಾಗಕ್ಕೆ ಕಪ್ಪು ಚೌಕ ಮುಚ್ಚಿ ಕೊಟ್ಟಿದ್ದಳು. ತನಗೂ ಹಾಗೆ ಮುಚ್ಚಿಕೊಳ್ಳಬೇಕಿತ್ತು ಎಂದು ಐದು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಫೈಲುಗಳ ಹೆಸರು ಮುಚ್ಚಿದ್ದಳು, ಅಷ್ಟು ಸಾಕೆಂದುಕೊಂಡಿದ್ದಳು. ಹೆಸರು ಮುಚ್ಚಿದರೆ ಹೆತ್ತವಳಿಗೆ ಮಗುವಿನ ಗುರುತು ಸಿಕ್ಕುವುದಿಲ್ಲವೇ?

“ಗೆರೆ ಯಾವುದು?” ಎಂದು ಭಾವ ಮೊದಲ ದಿನವೇ ಕೇಳಿದ್ದರು. “ಯಾವ ಗೆರೆ?” “ಓಟದಲ್ಲಿ ಎದೆ ಗೆರೆ ಮುಟ್ಟಿದರೇನೇ ಲೆಕ್ಕ. ಕೈ ಮುಟ್ಟಿದರೆ ಇಲ್ಲ, ಮೂಗು ಮುಟ್ಟಿದರೆ ಇಲ್ಲ. ನಿನ್ನ ಹುಳಕ್ಕೆ ಕೊಂಬು ಬಂತು ಅಂತ ಯಾವಾಗ ಒತ್ತಲಿ? ಮೊಳಕೆ ಕಂಡಾಗಲೋ, ಪೂರ್ತಿ ಬಂದು ತುದಿಯ ಕಣ್ಣು ಬಿಟ್ಟಾಗಲೋ?” ಇಂಥ ಪ್ರಶ್ನೆಯನ್ನು ಯಾವ ಸೆಮಿನಾರಿನಲ್ಲೂ ಯಾವ ದೊಡ್ಡ ತಲೆಯೂ ಕೇಳಿರಲಿಲ್ಲ. ಸೆಮಿನಾರಿನಲ್ಲಿ ಅವಳು ಮಾತಾಡುವಾಗ ಮುಂದಿನ ಸಾಲಿನವರು ಫೋನಿನಲ್ಲಿ ಮೀನಿಗೆ ಗಾಳ ಹಾಕಿದವರ ಹಾಗೆ ತಲೆ ತಗ್ಗಿಸಿ ಕೂತಿರುತ್ತಿದ್ದರು. ಗೈಡು ಒಮ್ಮೆ ಅವಳನ್ನು ಪರಿಚಯಿಸುತ್ತ ‘ಎರೆಹುಳುವಿನ ಮೇಲೆ ಕೆಲಸ ಮಾಡುತ್ತಿದ್ದಾರೆ’ ಎಂದಿದ್ದರು. ಅವಳು ಎದ್ದು ನಿಂತು ನಕ್ಕಳು, ತಿದ್ದಲಿಲ್ಲ. ಅರ್ಧ ಗಂಟೆ ಮಾತಾಡಿದ ಮೇಲೂ, ಎರೆಹುಳುವಿಗೆ ಕೊಂಬು ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಭಾವನಿಗೆ ಅವಳು ಖಂಡಿತವಾಗಿ ಹೇಳಿದ್ದಳು: “ಕಣ್ಣು ಪೂರ್ತಿ ಬಿಟ್ಟಾಗ.” ಶುಕ್ರವಾರ ಅವರು ಶಾಲೆಯ ಹಾಜರಿ ಹಾಳೆಯ ಹಿಂಬದಿಯಲ್ಲಿ ಬರೆದು ತಂದರು. ಅವಳು ಕೂತು ಕೂಡಿ ಭಾಗಿಸಿದಳು. ಪಳಗಿದವು ಹದಿನಾಲ್ಕು ಪಾಯಿಂಟ್ ಮೂರು, ಹೊಸವು ಹದಿನಾಲ್ಕು ಪಾಯಿಂಟ್ ಆರು. ಭಾವ ಅವಳ ಹೆಗಲ ಮೇಲಿಂದ ಬಗ್ಗಿ ನೋಡಿ, “ಅಯ್ಯೋ, ಇಬ್ಬರೂ ಒಟ್ಟಿಗೇ ಬಂದಿದ್ದಾರಲ್ಲ! ಪದಕ ಹಂಚಿಕೊಡು” ಎಂದು ನಕ್ಕರು. ಅವಳ ಮುಖ ನೋಡಿದ ಮೇಲೆ ನಗು ನಿಲ್ಲಿಸಿ, ಷೂ ದಾರ ಕಟ್ಟಿಕೊಳ್ಳುವ ನೆಪದಲ್ಲಿ ಬಗ್ಗಿದರು. ದಾರ ಬಿಚ್ಚಿರಲೇ ಇಲ್ಲ.

ನಿನ್ನೆ ಇಡೀ ದಿನ ಅವಳು ಹಳೆಯ ವಿಡಿಯೋಗಳನ್ನು ನೋಡಿದ್ದಳು. ಕೆಂಪು ಚುಕ್ಕೆಯವಕ್ಕೆ ಕೊಂಬಿನ ಜಾಗದಲ್ಲಿ ಸಾಸಿವೆಯಷ್ಟು ಉಬ್ಬು ಕಂಡರೆ ಸಾಕು, ಗುಂಡಿ ಒತ್ತಿದ್ದಳು. ನೀಲಿಯವಕ್ಕೆ ಕೊಂಬು ಉದ್ದ ಬಂದು, ಕಣ್ಣು ಬಿಟ್ಟು, ಅತ್ತಿತ್ತ ತಿರುಗಿ, ಊರೆಲ್ಲ ನೋಡಿ ಮುಗಿಸಿದ ಮೇಲೆ ಒತ್ತಿದ್ದಳು. ಸುಳ್ಳು ಹೇಳಬೇಕೆಂದು ಹೊರಟಿದ್ದರೆ ಇಷ್ಟು ಅಚ್ಚುಕಟ್ಟಾಗಿ ಹೇಳಲು ಅವಳಿಂದ ಸಾಧ್ಯವೇ ಇರಲಿಲ್ಲ. ಪ್ರೀತಿಯಿಂದ ಮಾಡಿದ್ದಕ್ಕೇ ಅಷ್ಟು ಸಲೀಸಾಗಿ ಬಂದಿತ್ತು.

“ಇವತ್ತು ಹೇಳ್ತೀಯಾ?” ಎಂದು ಭಾವ ಬ್ರೆಡ್ಡು ಮುರಿಯುತ್ತ ಕೇಳಿದರು. “ನಾಳೆ ಗೈಡಿಗೆ ಹೇಳ್ತೀನಿ ಭಾವ. ಹೇಳಲೇಬೇಕಲ್ಲ.” “ನಾನು ಕೇಳಿದ್ದು ಇವತ್ತಿಂದು.” “ಇವತ್ತಿನ ಲೈಬ್ರರಿ ಭಾಷಣದಲ್ಲಾ? ಅಲ್ಲಿ ಬರೋದು ಮಕ್ಕಳು, ಪೆನ್ಶನ್ ತಗೊಂಡವರು. ಅವರಿಗೆ ಯಾಕೆ ಇದೆಲ್ಲ?” ಅಕ್ಕ ಮಧ್ಯೆ ಬಾಯಿ ಹಾಕಿದಳು: “ತಿನ್ನೋಕಾದ್ರೂ ಬಿಡ್ರೀ ಅವಳನ್ನ. ನಿಮ್ಮ ಗಡಿಯಾರ ಒಂದು, ಎಲ್ಲರ ಕತ್ತಿಗೂ ಕಟ್ಟಬೇಕು.” ಭಾವ ಅವಳ ಪಾಲಿನ ಬ್ರೆಡ್ಡನ್ನೂ ತಿಂದರು.

ಬಸ್ಸು ಎಷ್ಟು ನಿಧಾನವಾಗಿತ್ತೆಂದರೆ, ಅವಳ ತೊಡೆಯ ಮೇಲಿನ ಡಬ್ಬಿಯೊಳಗಿನ ಎರಡು ಹುಳುಗಳು ಇಳಿದು ನಡೆದಿದ್ದರೆ ಮೊದಲೇ ಮುಟ್ಟಿಬಿಡುತ್ತಿದ್ದವು. ಡಬ್ಬಿಗೆ ತೂತು ಕೊರೆದು, ಒದ್ದೆ ಹತ್ತಿ ಹಾಸಿತ್ತು. ಒಂದು, ಕೆಂಪು ಚುಕ್ಕೆಯ ‘ಅಜ್ಜಿ’. ಹೋದ ತಿಂಗಳ ಭಾಷಣದಲ್ಲಿ ಮೆರೆದದ್ದು ಇದೇ. ಇನ್ನೊಂದು ನೀಲಿ ಚುಕ್ಕೆಯ, ಹೆಸರಿಲ್ಲದ ಪ್ರಾಣಿ. ಹೆಸರಿಡುವಾಗಲೇ ಗೊತ್ತಾಗಬೇಕಿತ್ತು. ಪಳಗಿದವಕ್ಕೆಲ್ಲ ಅಜ್ಜಿ, ಪೈಲ್ವಾನ, ದೊಡ್ಡಮ್ಮ ಎಂದು ಹೆಸರು. ನೀಲಿಯವು ಬರೀ ನಂಬರು. ಭಾವ ಪಕ್ಕದಲ್ಲಿ ಕೂತು ಪ್ರತಿ ನಿಲ್ದಾಣಕ್ಕೂ ಗುಂಡಿ ಒತ್ತಿ, ಬಸ್ಸು ಎಷ್ಟು ಹೊತ್ತು ನಿಂತಿತೆಂದು ನೋಡಿಕೊಂಡು, ಡ್ರೈವರನನ್ನು ತಮ್ಮ ಶಾಲೆಗೆ ಸೇರಿಸಿಕೊಳ್ಳಬೇಕೆಂದು ಗೊಣಗುತ್ತಿದ್ದರು. ಕಿಟಕಿಯಾಚೆ ಅಂಗಡಿಗಳ ಷಟರುಗಳು ಒಂದೊಂದೇ ಮೇಲೆ ಹೋಗುತ್ತಿದ್ದವು. ಭಾಷಣದಲ್ಲಿ ಬಹುಶಃ ಎಂಬ ಪದ ಇತ್ತು, ಅದನ್ನು ತೆಗೆದದ್ದು ಯಾವಾಗ? ಮೊದಲ ಭಾಷಣದ ಹಾಳೆಯಲ್ಲಿ ಅದು ಹನ್ನೆರಡು ಕಡೆ ಇತ್ತು. ಲೈಬ್ರರಿ ಮೇಡಂ ಓದಿ ಕನ್ನಡಕದ ಮೇಲಿಂದ ನೋಡಿ, “ಈ ಬಹುಶಃ ಎಲ್ಲ ಯಾಕೆ ಮೇಡಂ? ನಮ್ಮ ಜನಕ್ಕೆ ನಿದ್ದೆ ಬರತ್ತೆ. ನೆನಪಿರತ್ತೋ ಇಲ್ವೋ, ಒಂದು ಹೇಳಿಬಿಡಿ” ಎಂದಿದ್ದರು. ಪೆನ್ನು ತೆಗೆದು ಒಂದೊಂದನ್ನೇ ಹೊಡೆದುಹಾಕಿದ್ದಳು. ಹನ್ನೆರಡನೆಯದನ್ನು ಹೊಡೆಯುವಾಗ ಮೈ ಹಗುರಾದ ಹಾಗಾಗಿತ್ತು. ಅವತ್ತು ನಲವತ್ತು ಜನರ ಎಂಬತ್ತು ಕಣ್ಣು ಅವಳ ಮೇಲೆ. ಒಬ್ಬರ ಕೈಯಲ್ಲೂ ಫೋನಿಲ್ಲ. “ಒಮ್ಮೆ ಪ್ರೀತಿಯಿಂದ ಮುಟ್ಟಿದ್ದನ್ನು ಈ ಜೀವ ಮರೆಯುವುದಿಲ್ಲ” ಎಂದುಬಿಟ್ಟಿದ್ದಳು. ಪ್ರೀತಿಯಿಂದ ಎನ್ನುವುದು ಹಾಳೆಯಲ್ಲೂ ಇರಲಿಲ್ಲ, ಪ್ರಯೋಗದಲ್ಲೂ ಇರಲಿಲ್ಲ. ಬಾಯಿಗೆ ತಾನಾಗಿ ಬಂತು. ಚಪ್ಪಾಳೆ ಹೇಗೆ ಬಿತ್ತೆಂದರೆ ಕಪಾಟಿನ ಪುಸ್ತಕಗಳೆಲ್ಲ ಒಂದು ಬೆರಳು ಹಿಂದೆ ಸರಿದವು.

ಆಮೇಲೆ ಒಬ್ಬ ವಯಸ್ಸಾದ ಹೆಂಗಸು ಹತ್ತಿರ ಬಂದು, “ಹತ್ತು ಸಲ ಅಂದ್ಯಲ್ಲಮ್ಮ, ಬೆಳಿಗ್ಗೆ ಸಂಜೆ ಸೇರಿ ಹತ್ತಾ, ಒಂದೇ ಏಟಿಗಾ?” ಎಂದು ಕೇಳಿದ್ದರು. ಹುಳುವಿನ ಪ್ರಶ್ನೆಯೆಂದುಕೊಂಡು ಅವಳು, “ಒಂದೇ ಸಲಕ್ಕೆ ಹತ್ತು ಅಮ್ಮ. ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು” ಎಂದು ಮೇಷ್ಟರ ಗತ್ತಿನಲ್ಲಿ ಹೇಳಿದ್ದಳು. ಆ ಹೆಂಗಸಿನ ಯಜಮಾನರು ಹಿಂದೆ ಬ್ಯಾಂಡಿನಲ್ಲಿ ಡ್ರಮ್ಮು ಬಾರಿಸುತ್ತಿದ್ದವರಂತೆ, ಊರಿಗೆಲ್ಲ ಬ್ಯಾಂಡ್ ಮಾಸ್ತರು. ಈಗ ಎರಡು ವರ್ಷದಿಂದ ಅವರಿಗೆ ಹೆಂಡತಿಯ ಹೆಸರೂ ನೆನಪಿಲ್ಲ. ಇದೆಲ್ಲ ಅವಳಿಗೆ ಗೊತ್ತಾದದ್ದು ಈ ಬುಧವಾರ, ಲೈಬ್ರರಿ ಮೇಡಂ ಫೋನಿನಲ್ಲಿ ಉಬ್ಬಿಕೊಂಡು ಹೇಳಿದಾಗ: “ಆಯಮ್ಮ ದಿನಾ ಯಜಮಾನರ ಕೈ ಹತ್ತು ಸಲ ಮುಟ್ತಾರಂತೆ ಮೇಡಂ! ನೀವು ಹೇಳಿದ ಹಾಗೇ!” ಬುಧವಾರ ಅದನ್ನು ಕೇಳಿ ಅವಳಿಗೆ ಕಣ್ಣು ತುಂಬಿತ್ತು. ಸಂಶೋಧನೆ ಎಂದರೆ ಇದಲ್ಲವೇ ಎನಿಸಿತ್ತು. ಬುಧವಾರಕ್ಕೂ ಶುಕ್ರವಾರಕ್ಕೂ ನಡುವೆ ಇರುವುದು ಒಂದೇ ಗುರುವಾರ.

ಲೈಬ್ರರಿಯ ಬಾಗಿಲಿಗೆ ಬಣ್ಣದ ಪೋಸ್ಟರು ಅಂಟಿಸಿತ್ತು: ‘ನಿಮ್ಮನ್ನು ಮರೆಯದ ಬಸವನಹುಳು – ಎರಡನೇ ಪ್ರದರ್ಶನ.’ ಅದರಲ್ಲಿ ಹುಳು ನಗುತ್ತಿತ್ತು, ಹಲ್ಲುಗಳಿದ್ದವು. “ಹುಳದ ಮೇಡಂ ಬಂದ್ರು!” ಎಂದು ಒಂದು ಹುಡುಗಿ ಕೂಗಿದಳು. ಒಳಗೆ ಕುರ್ಚಿಗಳು ತುಂಬಿ, ಮಕ್ಕಳು ನೆಲದ ಮೇಲೆ, ದೊಡ್ಡವರು ಕಿಟಕಿಕಟ್ಟೆಯ ಮೇಲೆ. ಅರ್ಧ ಊರೇ ಬಂದು ಉಳಿದರ್ಧಕ್ಕೆ ಜಾಗ ಹಿಡಿದ ಹಾಗಿತ್ತು. ಮುಂದಿನ ಸಾಲಿನ ತುದಿಯಲ್ಲಿ ಆ ಹೆಂಗಸು, ಪಕ್ಕದಲ್ಲಿ ಇಸ್ತ್ರಿ ಮಾಡಿದ ಷರಟಿನ ಬ್ಯಾಂಡ್ ಮಾಸ್ತರು. ಹೆಂಗಸು ಎರಡೂ ಕೈಗಳನ್ನು ತಮ್ಮ ಮಡಿಲಲ್ಲೇ ಒಂದಕ್ಕೊಂದು ಹೆಣೆದು ಕೂತಿದ್ದರು. ಅವಳು ಆ ಕಡೆ ನೋಡಲಿಲ್ಲ. ನೋಡಲಿಲ್ಲ ಎಂದುಕೊಂಡು ಮೂರು ಸಲ ನೋಡಿದಳು. ಭಾವ ಹಿಂದೆ ಗೋಡೆಗೊರಗಿ ನಿಂತರು.

ಮಾತು ಶುರುವಾದ ಮೇಲೆ ಎಲ್ಲ ಸುಲಭವಾಯಿತು. ಬಾಯಿಗೆ ದಾರಿ ಗೊತ್ತಿತ್ತು. ಚಿಪ್ಪು ಹೇಗೆ ಸುತ್ತುತ್ತದೆ, ಕಣ್ಣು ಕೊಂಬಿನ ತುದಿಯಲ್ಲೇಕೆ, ಎಲ್ಲಕ್ಕೂ ಅದದೇ ಜಾಗದಲ್ಲಿ ನಗು, ಅದದೇ ಜಾಗದಲ್ಲಿ ಮೌನ. ಬ್ಯಾಗಿನಲ್ಲಿದ್ದ ಹಾಜರಿ ಹಾಳೆ ಮಾತ್ರ ಕಾದ ಹೆಂಚಿನ ಹಾಗೆ ಅಲ್ಲಿಂದಲೇ ಅವಳ ಕಾಲಿಗೆ ಬಿಸಿ ತಾಗಿಸುತ್ತಿತ್ತು. ನಾಳೆ, ನಾಳೆ ಗೈಡಿಗೆ. ಇವತ್ತು ಇವರಿಗೆ ಏನು ನಷ್ಟ? ಒಂದು ಗಂಟೆ ಖುಷಿಯಾಗಿದ್ದು ಹೋಗಲಿ. ಕಳೆದ ಸಲ ಅವಳೇ ಸೆಕೆಂಡು ಕೂಗಿದ್ದಳು. ಇವತ್ತು ಕುಂಚ ಮಾತ್ರ ಕೈಗೆತ್ತಿಕೊಂಡು, “ಈ ಸಲ ನೀವೇ ಎಣಿಸಿ. ಗಡಿಯಾರ ಬೇಡ, ಎಲ್ಲರೂ ಒಟ್ಟಿಗೆ, ಜೋರಾಗಿ” ಎಂದಳು. ಅದು ಜಾಣತನವೋ, ಅಂಜಿಕೆಯೋ, ಅವಳಿಗೇ ಗೊತ್ತಾಗಲಿಲ್ಲ.

ಮೊದಲು ನೀಲಿ ಚುಕ್ಕೆಯದು. ಕ್ಯಾಮೆರಾ ಅದನ್ನು ಹಿಂದಿನ ಪರದೆಯ ಮೇಲೆ ಆನೆಯಷ್ಟು ದೊಡ್ಡದು ಮಾಡಿ ತೋರಿಸಿತು. “ಇದಕ್ಕೆ ಯಾರ ಪರಿಚಯವೂ ಇಲ್ಲ” ಎಂದು ಕುಂಚ ತಾಗಿಸಿದಳು. ಕೊಂಬು ಒಳಗೆ ಹೋಯಿತು. ಸಭೆ ಓಡತೊಡಗಿತು. ಒಂದೆರಡುಮೂರುನಾಲ್ಕು ಎಂದು ಉಸಿರು ಬಿಡದೆ, ಕುದುರೆ ಬೆನ್ನಟ್ಟಿದ ಹಾಗೆ. ಮಕ್ಕಳು ಹನ್ನೆರಡಕ್ಕೇ “ಇನ್ನೂ ಬಂದಿಲ್ಲ, ಪೆದ್ದು!” ಎಂದು ನಕ್ಕರು. ಕೊಂಬು ಬಂದು ಕಣ್ಣು ಬಿಡುವಾಗ ಸಭೆ ಇಪ್ಪತ್ತಕ್ಕೆ ಮುಟ್ಟಿ ಚಪ್ಪಾಳೆ ತಟ್ಟಿತು. ಚಪ್ಪಾಳೆಯ ಅಡಿಯಲ್ಲಿ ಒಂದು ದಪ್ಪ ದನಿ ತಡವಾಗಿ, ಒಂಟಿಯಾಗಿ, “ಹದಿನಾಲ್ಕು” ಎಂದಿತು. ಬ್ಯಾಂಡ್ ಮಾಸ್ತರು. ಪಾಪ, ಹಿಂದೆ ಬಿದ್ದಿದ್ದಾರೆ ಎಂದುಕೊಂಡಳು. ಅಕ್ಕಪಕ್ಕದವರೂ ಹಾಗೇ ಅಂದುಕೊಂಡು ಪ್ರೀತಿಯಿಂದ ನಕ್ಕರು. ಅವರ ಹೆಂಡತಿ ನಗಲಿಲ್ಲ.

ಆಮೇಲೆ ಅಜ್ಜಿ. ಪರದೆಯ ಮೇಲೆ ಕೆಂಪು ಚುಕ್ಕೆ ಕಂಡೊಡನೆ ಸಭೆ “ಅಜ್ಜೀ!” ಎಂದು ಹಳೆಯ ನೆಂಟರನ್ನು ಕಂಡ ಹಾಗೆ ಕರೆಯಿತು. ಕುಂಚ ತಾಗಿತು, ಕೊಂಬು ಒಳಗೆ. “ಒಂದೂ…” ಎಂದಿತು ಸಭೆ. ಆ ಒಂದು ಎಷ್ಟು ಉದ್ದವಿತ್ತೆಂದರೆ ಅದರೊಳಗೆ ಒಂದು ಲೋಟ ಕಾಫಿ ಕುಡಿದು ಲೋಟ ತೊಳೆದಿಡಬಹುದಿತ್ತು. “ಎರಡೂ…” ಮೂಲೆಯ ಪೆನ್ಶನ್‌ದಾರರು ಕೈ ಎತ್ತಿ ಪಕ್ಕದವರನ್ನು ತಡೆದರು, ನಿಧಾನ, ನಿಧಾನ. “ಮೂರೂ…” ಹುಳದ ಮೇಡಂ ಎಂದು ಕೂಗಿದ್ದ ಹುಡುಗಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಬೇಗ ಬಾ ಅಜ್ಜಿ, ಬೇಗ ಬಾ ಎಂದು ಎರಡು ಸಂಖ್ಯೆಗಳ ಮಧ್ಯೆ ತುರುಕುತ್ತಿದ್ದಳು. ಅವಳು ಕುಂಚ ಹಿಡಿದುಕೊಂಡೇ ಆ ಮುಖಗಳನ್ನು ನೋಡಿದಳು. ಎಲ್ಲಿ ನೋಡಿದ್ದೇನೆ ಇದನ್ನು? ಕೊರಳು ಮುಂದೆ ಚಾಚಿ, ತುಟಿ ಕಚ್ಚಿ, ಮೊಳಕೆಯೊಂದು ಕಂಡರೆ ಸಾಕೆಂದು ಕಾಯುವ ಮುಖ. ಕಂಪ್ಯೂಟರಿನ ಮುಂದೆ ಇದೇ ಮುಖ ಹೊತ್ತು ನಾನು ಮೂರು ವರ್ಷ ಕೂತಿದ್ದೆ, ಅದರ ಒಳಗೆ. ಹೊರಗಿನಿಂದ ಇವತ್ತೇ ನೋಡುತ್ತಿರುವುದು. ಮೋಸಗಾರರ ಮುಖ ಹೀಗಿರುತ್ತದೆಂದು ಯಾರು ನಂಬುತ್ತಾರೆ, ಇಷ್ಟು ಒಳ್ಳೆಯ ಮುಖ. ಸಭೆ ಎಂಟು ಎಂದು ಎಳೆಯುವಾಗ ಆ ದಪ್ಪ ದನಿ “ಹತ್ತು” ಎಂದಿತು. ಒಂಬತ್ತಕ್ಕೆ “ಹನ್ನೆರಡು.” ಬ್ಯಾಂಡ್ ಮಾಸ್ತರ ಬಲಗಾಲು ನೆಲಕ್ಕೆ ಬಡಿಯುತ್ತಿತ್ತು, ಒಂದೇ ಸಮ. ನೀಲಿ ಚುಕ್ಕೆಗೂ ಅದೇ ಕಾಲು, ಕೆಂಪು ಚುಕ್ಕೆಗೂ ಅದೇ ಕಾಲು. ಯಾವ ಹುಳು ಯಾರದು, ಯಾವುದು ಗೆಲ್ಲಬೇಕು, ಅವರಿಗೆ ಒಂದೂ ನೆನಪಿರಲಿಲ್ಲ. ಇಡೀ ಕೋಣೆಯಲ್ಲಿ ಎಣಿಸಲು ಬರುತ್ತಿದ್ದವರು ಅವರೊಬ್ಬರೇ. ಅಜ್ಜಿಯ ಕೊಂಬು ಬಂದು ಕಣ್ಣು ಬಿಟ್ಟಿತು. “ಹನ್ನೊಂದು!” ಎಂದು ಸಭೆ ಸೂರು ಹಾರಿಸಿತು. “ಹದಿನಾಲ್ಕು” ಎಂದರು ಬ್ಯಾಂಡ್ ಮಾಸ್ತರು.

ಚಪ್ಪಾಳೆ ನಿಲ್ಲುವ ತನಕ ಅವಳು ನಿಂತಿದ್ದಳು. ಆಮೇಲೆ ಹಿಂದಿನ ಗೋಡೆಯ ಕಡೆ ನೋಡಿ, “ಭಾವ, ಎಷ್ಟು?” ಎಂದಳು. ಗಡಿಯಾರ ಬೇಡ ಎಂದರೆ ಕೇಳುವ ಹೆಬ್ಬೆರಳಲ್ಲ ಅದು. ಭಾವ ಒಂದು ಕ್ಷಣ ಅನುಮಾನಿಸಿದರು. ತಮ್ಮ ಜೀವಮಾನದಲ್ಲೇ ಗಡಿಯಾರ ಓದಲು ಅನುಮಾನಿಸಿದ್ದು ಅದೇ ಮೊದಲು. “ಎರಡೂ ಹದಿನಾಲ್ಕು. ಮೊದಲನೇದು ಒಂಚೂರು ಮುಂದೆ, ಒಂದು ಕೂದಲಿನಷ್ಟು.” ಸಭೆ ಗಜಿಬಿಜಿ ಎಂದಿತು. ಲೈಬ್ರರಿ ಮೇಡಂ ಕನ್ನಡಕ ತೆಗೆದರು. “ಬ್ಯಾಂಡ್ ಮಾಸ್ತರ ಲೆಕ್ಕ ಸರಿ” ಎಂದಳು ಅವಳು. “ನಿಮ್ಮದು ತಪ್ಪು. ಅಜ್ಜಿ ಗೆಲ್ಲಲಿ ಅಂತ ನೀವು ನಿಧಾನಕ್ಕೆ ಎಣಿಸಿದಿರಿ. ನಾನೂ ಹಾಗೇ ಎಣಿಸಿದ್ದೆ, ಮೂರು ವರ್ಷ. ಹೋದ ತಿಂಗಳು ಇಲ್ಲಿ ನಿಂತು, ಇವುಗಳಿಗೆ ತಿಂಗಳ ಹಿಂದಿನದು ನೆನಪಿರುತ್ತೆ ಅಂದೆ. ಇರುತ್ತೆ ಅಂತ ಹೇಳೋಕೆ ನನ್ನ ಹತ್ತಿರ ಏನೂ ಇಲ್ಲ.” ಹುಡುಗಿ ಕೈ ಎತ್ತದೆಯೇ ಕೇಳಿದಳು: “ಹಾಗಾದ್ರೆ ಅಜ್ಜಿಗೆ ನಾವು ಯಾರೂ ಗೊತ್ತಿಲ್ವಾ?” “ಗೊತ್ತಿಲ್ಲ ಮರಿ” ಎಂದವಳು ತಡೆದಳು. “ಅಂದ್ರೆ, ಅದಕ್ಕೆ ಗೊತ್ತಾ ಇಲ್ವಾ ಅಂತ ನನಗೆ ಗೊತ್ತಿಲ್ಲ.” ಮೂರನೇ ಸಾಲಿನ ಒಬ್ಬರು ಕುರ್ಚಿ ಕರ್ರೆನ್ನಿಸಿ ಎದ್ದು, ಮಗನ ಕೈ ಹಿಡಿದು ಹೊರಟರು. ಬಾಗಿಲಿನ ಹತ್ತಿರ, “ಇದಕ್ಕೆ ಬೆಳಿಗ್ಗೆ ಬೆಳಿಗ್ಗೆ ಎದ್ದು ಬಂದ್ವಾ?” ಎಂದದ್ದು ಎಲ್ಲರಿಗೂ ಕೇಳಿಸಿತು. ಅವಳಿಗೂ ಕೇಳಿಸಿತು. ಕಿವಿ ಬೆಚ್ಚಗಾಯಿತು, ಮತ್ತೆ ತಣ್ಣಗಾಯಿತು, ಅಷ್ಟೇ.

ಜನ ಕರಗಿದ ಮೇಲೆ ಹೆಂಗಸು ಎದ್ದು ಬಂದರು. ಅವಳು ಹುಳುಗಳನ್ನು ಒದ್ದೆ ಹತ್ತಿಯ ಮೇಲೆ ಇಡುತ್ತ, ತಲೆ ಎತ್ತದೆ, “ಅಮ್ಮ, ನನ್ನಿಂದ ತಪ್ಪಾಯ್ತು. ನೀವು ಯಜಮಾನರಿಗೆ…” ಎಂದು ನಿಲ್ಲಿಸಿದಳು. “ಹಾಗಾದ್ರೆ ಆ ಹತ್ತು ಸಲ?” ಎಂದರು ಹೆಂಗಸು. “ಅದು ಹುಳುಗಳಿಗೆ ನಾನು ಮಾಡಿಕೊಂಡಿದ್ದ ಲೆಕ್ಕ. ಅದರಿಂದ ಮನುಷ್ಯರಿಗೆ ಏನಾಗುತ್ತೆ ಅಂತ ನನಗೆ ಗೊತ್ತಿಲ್ಲಮ್ಮ. ಯಾವತ್ತೂ ಗೊತ್ತಿರಲಿಲ್ಲ.” “ಹತ್ತೇ ಆಗಬೇಕು ಅಂತೇನೂ ಇಲ್ವಾ?” “ಇಲ್ಲ.” “ಖಂಡಿತಾ?” ಇಡೀ ದಿನದಲ್ಲಿ ಖಂಡಿತವಾಗಿ ಹೇಳಬಹುದಾದದ್ದು ಅದೊಂದೇ ಇತ್ತು. “ಖಂಡಿತಾ ಇಲ್ಲ.”

ಹೆಂಗಸು ಉಸಿರು ಬಿಟ್ಟರು. ಒಂದು ತಿಂಗಳಿನ ಉಸಿರು, ಮೇಜಿನ ಮೇಲಿನ ಕಾಗದ ಅಲುಗುವಷ್ಟು. “ಸದ್ಯ” ಎಂದರು. “ಬೆಳಿಗ್ಗೆ ಎದ್ದ ತಕ್ಷಣ ಹತ್ತೂ ಮುಗಿದುಹೋಗ್ತಿತ್ತು ಕಣಮ್ಮ. ಹನ್ನೊಂದನೇ ಸಲ ಮುಟ್ಟಿದ್ರೆ ಎಲ್ಲ ಕೆಟ್ಟುಹೋಗುತ್ತೇನೋ ಅಂತ ಉಳಿದ ದಿನವೆಲ್ಲ ಕೈ ಕಟ್ಕೊಂಡು ಕೂತಿರ್ತಿದ್ದೆ. ಪಕ್ಕದಲ್ಲೇ ಇರ್ತಾರೆ, ನೋಡು.” ಅವರು ತಿರುಗಿ ಹೋಗಿ ಕುರ್ಚಿಯಲ್ಲಿ ಕೂತರು. ಬ್ಯಾಂಡ್ ಮಾಸ್ತರಿಗೆ ಎಣಿಸುವುದು ಮುಗಿದದ್ದನ್ನು ಯಾರೂ ಹೇಳಿರಲಿಲ್ಲ. ಅವರ ಕಾಲು ಇನ್ನೂ ನೆಲಕ್ಕೆ ಬಡಿಯುತ್ತಿತ್ತು, ದನಿ ಆರುನೂರ ಎಷ್ಟನ್ನೋ ದಾಟಿ ಒಂದೇ ಸಮ ನಡೆದಿತ್ತು. ಹೆಂಗಸು ಅವರ ಕೈಯನ್ನು ಎತ್ತಿಕೊಂಡು ತಮ್ಮ ಎರಡೂ ಕೈಗಳೊಳಗೆ ಇಟ್ಟುಕೊಂಡರು, ಬಿಡಲಿಲ್ಲ. ಅವಳ ಹೆಬ್ಬೆರಳು ಅಭ್ಯಾಸಬಲದಿಂದ ಮೇಲಕ್ಕೆದ್ದಿತು, ಕೈ ಮುಟ್ಟಿದ ಮೇಲೆ ಮಾಸ್ತರ ದನಿ ಎಷ್ಟು ಸೆಕೆಂಡಿಗೆ ನಿಲ್ಲುತ್ತದೆಂದು ನೋಡಲು. ಅವಳು ಅದನ್ನು ಮಡಿಸಿ ಮುಷ್ಟಿಯೊಳಗೆ ಇಟ್ಟುಕೊಂಡಳು, ಡಬ್ಬಿಯ ಮುಚ್ಚಳ ಹಾಕಿದಳು, ನಿಂತಿತೋ ಇಲ್ಲವೋ ಎಂದು ಹಿಂತಿರುಗಿ ನೋಡದೆ ಭಾವನ ಹಿಂದೆ ಮೆಟ್ಟಿಲಿಳಿದಳು.